ಎಲೆಯುದುರುವ ಕಾಡಿನಲ್ಲಿ ವಿಹಾರ

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ–ಮದರಾಸು ಮುಖ್ಯಮಾರ್ಗದಿಂದ ಕವಲೊಡೆದು ಪೂರ್ವಾಭಿಮುಖವಾಗಿ ಸಿಕಂದರಾಬಾದಿನತ್ತ ಸಾಗುವ ರೈಲುಹಾದಿಯು ೧೮೭೪ರಲ್ಲಿ, ನಿಜಾಮರ ರಾಜಧಾನಿಯನ್ನು ಹೊರಜಗತ್ತಿಗೆ ಜೋಡಿಸುವ ಉದ್ದೇಶದಿಂದ ತೆರೆಯಲ್ಪಟ್ಟದ್ದು. ಆ ಹಾದಿಯಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ಒಂದೊಂದಾಗಿ ದಾಟುವ ಪ್ರಯಾಣಿಕನಿಗೆ ಎರಡು ಬದಿಗಳಲ್ಲಿಯೂ ದಿಗಂತದವರೆಗೆ ಹಬ್ಬಿರುವ ತೊಗರಿಯ ಹೊಲಗಳು, ಅವುಗಳ ನಡುವೆ ತಲೆಯೆತ್ತಿ ನಿಂತ ಸಿಮೆಂಟು ಕಾರ್ಖಾನೆಗಳ ಚಿಮಣಿಗಳು, ಕಲ್ಲು ಕಿತ್ತು ಬರಿದುಮಾಡಿದ ಗಣಿಗಳ ತಗ್ಗಿನಲ್ಲಿ ಹಸುರುಗಟ್ಟಿ ನಿಂತ ನೀರು, ಇವುಗಳ ಹೊರತು ಬೇರೊಂದು ನೋಟವು ದುರ್ಲಭವಾದುದರಿಂದ, ಈ ಸೀಮೆಯಲ್ಲಿಯೇ, ಇಲ್ಲಿಂದ ಒಂದು ಹೊತ್ತಿನ ಪ್ರಯಾಣದಷ್ಟು ದೂರದಲ್ಲಿ, ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಅರಣ್ಯವೊಂದು ಬೆಟ್ಟಗಳ ಮೇಲೆ ಹಬ್ಬಿಕೊಂಡಿದೆಯೆಂದು ಯಾರಾದರೂ ಹೇಳಿದರೆ ಅವನು ಸುಲಭವಾಗಿ ನಂಬಲಾರ.

ಆದರೆ ಸೇಡಮ್ಮಿನಲ್ಲಿ ಹಳಿಯನ್ನು ಬಿಟ್ಟು ಉತ್ತರಕ್ಕೆ ಚಿಂಚೋಳಿಯ ದಾರಿ ಹಿಡಿದವರಿಗೆ ಭೂಮಿಯ ಸ್ವರೂಪವೇ ಕ್ರಮಕ್ರಮವಾಗಿ ಮಾರ್ಪಡುವುದು ಕಾಣುತ್ತದೆ. ಶಹಾಬಾದಿನ ಫರಸಿಕಲ್ಲೆಂದು ದೇಶದ ಅಸಂಖ್ಯಾತ ಮನೆಗಳ, ಶಾಲೆಗಳ, ರೈಲುನಿಲ್ದಾಣಗಳ ನೆಲವನ್ನು ಅಲಂಕರಿಸಿರುವ ಆ ನುಣುಪಾದ ಸುಣ್ಣಕಲ್ಲು, ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಲ್ಲದ ಸಮುದ್ರವೊಂದರ ತಳದಲ್ಲಿ ಪದರಪದರವಾಗಿ ಕುಳಿತು ಗಟ್ಟಿಯಾದದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ನದಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಶಹಾಬಾದು, ವಾಡಿ, ಚಿತ್ತಾಪುರ, ಸೇಡಂಗಳ ಬದುಕೆಲ್ಲವೂ ಈ ಪದರಗಳ ಮೇಲೆ ನಿಂತಿರತಕ್ಕುದು. ಫರಸಿಯನ್ನು ಎಬ್ಬಿಸಿ ಮಾರುವವರೂ, ಅದನ್ನು ಪುಡಿಮಾಡಿ ಸುಟ್ಟು ಸಿಮೆಂಟು ಮಾಡುವವರೂ ಇದನ್ನೇ ಅವಲಂಬಿಸಿದ್ದಾರೆ. ಚಿಂಚೋಳಿಯ ಕಡೆಗೆ ನಡೆದಂತೆ ಈ ಸುಣ್ಣಕಲ್ಲಿನ ಮೇಲೆ ಕರಿಯ ಶಿಲೆಯ ಹೊದಿಕೆ ಬರುತ್ತದೆ. ಅದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಉದ್ದಗಲಕ್ಕೆ ಉಕ್ಕಿ ಹರಿದ ಅಗ್ನಿಶಿಲಾದ್ರವದ ಉಳಿಕೆ. ಮತ್ತೂ ಮೇಲಕ್ಕೆ ಹೋದರೆ ಬೀದರಿನ ಕೋಟೆಯನ್ನು ಕಟ್ಟಿದಂಥದೇ ಕೆಂಪು ಜಂಬಿಟ್ಟಿಗೆಯ ಕಲ್ಲು ಬೆಟ್ಟಗಳ ನೆತ್ತಿಯನ್ನು ಮುಚ್ಚಿರುತ್ತದೆ. ಬಿಳಿ, ಕಪ್ಪು, ಕೆಂಪು ಈ ಮೂರು ಬಣ್ಣಗಳ ನೆಲವನ್ನು ಅರ್ಧ ದಿನದೊಳಗೆ ದಾಟಿಸುವ ದಾರಿಯನ್ನು ಶಾಲೆಯ ಮಕ್ಕಳಿಗೆ ತೋರಿಸುವ ಉಪಾಧ್ಯಾಯರು ಈ ತಾಲ್ಲೂಕುಗಳಲ್ಲಿ ಹೆಚ್ಚಾಗಬೇಕೆಂಬುದು ನನ್ನ ಹಂಬಲ.

ಈ ಕೆಂಪು ಬೆಟ್ಟಗಳ ಮೇಲೆಯೂ ಅವುಗಳ ನಡುವಣ ಕಣಿವೆಗಳಲ್ಲಿಯೂ ಬೆಳೆದಿರುವ ಕಾಡನ್ನು ಜನರು ಬಹುಕಾಲದಿಂದ ಕುಂಚಾವರಂ ಕಾಡೆಂದು ಕರೆಯುತ್ತ ಬಂದಿದ್ದಾರೆ. ೨೦೧೧ರಲ್ಲಿ ಸರ್ಕಾರವು ಇದರ ೧೩೪.೮೮ ಚದರ ಕಿಲೋಮೀಟರು ಪ್ರದೇಶವನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿತು. ಇದು ಕಲಬುರಗಿ ನಗರಕ್ಕೆ ಸುಮಾರು ೮೫ ಕಿಲೋಮೀಟರು ದೂರದ ಚಿಂಚೋಳಿ ಪಟ್ಟಣದಿಂದಾಚೆಗೆ, ತೆಲಂಗಾಣದ ಗಡಿಗೆ ತಾಗಿದಂತೆ ಇದೆ. ಹೈದರಾಬಾದಿನವರಿಗೂ ಇದು ಒಂದು ದಿನದಲ್ಲಿ ಹೋಗಿಬರುವಷ್ಟು ಸಮೀಪದ್ದೇ. ಧಾಮದ ಮಧ್ಯದಲ್ಲಿ ಸರನಾಲ ಹೊಳೆಗೆ ಕಟ್ಟಿದ ಚಂದ್ರಂಪಳ್ಳಿ ಜಲಾಶಯವೂ, ಅದರ ಸುತ್ತಮುತ್ತ ಸಣ್ಣ ಅಣೆಗಳು ನಾಲ್ಕೂ ಇವೆ. ಈ ಹೊಳೆಯು ಮುಲ್ಲಾಮಾರಿಯನ್ನೂ, ಮುಲ್ಲಾಮಾರಿಯು ಕಾಗಿಣೆಯನ್ನೂ ಸೇರಿ, ಕಾಗಿಣೆಯು ಶಹಾಬಾದಿನ ಬಳಿಯ ಹೊನಗುಂಟೆಯಲ್ಲಿ ಭೀಮೆಯಲ್ಲಿ ಲೀನವಾಗುತ್ತದೆ. ಅಮೋಘವರ್ಷನ ರಾಜಧಾನಿಯಾಗಿ ಮಾನ್ಯಖೇಟವೆಂಬ ಹೆಸರಿನಿಂದ ಮೆರೆದ ಮಳಖೇಡದ ಕೋಟೆಯ ಬುಡವನ್ನು ತೊಳೆಯುವುದು ಇದೇ ಕಾಗಿಣೆ. ಕುಂಚಾವರಂ ಬೆಟ್ಟದ ಮೇಲೆ ಬಿದ್ದ ಮಳೆಯ ನೀರಿನಲ್ಲಿ ಒಂದು ಪಾಲು ಕೊನೆಗೆ ಸುಣ್ಣಕಲ್ಲಿನ ಊರುಗಳ ನದಿಯೊಳಕ್ಕೇ ಬರುವುದರಿಂದ, ಆ ಕಾಡಿನ ಯೋಗಕ್ಷೇಮವು ಚಿಂಚೋಳಿ ತಾಲ್ಲೂಕಿನವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲವೆಂಬುದನ್ನು ಸೇಡಂ, ಚಿತ್ತಾಪುರಗಳ ರೈತರು ಮನಗಾಣತಕ್ಕುದು.

ಈ ಕಾಡಿನ ವಿಷಯದಲ್ಲಿ ಪತ್ರಿಕೆಗಳೂ ಪ್ರವಾಸದ ಕೈಪಿಡಿಗಳೂ ಒಂದು ಮಾತನ್ನು ಪದೇಪದೇ ಹೇಳುವುದುಂಟು: ಬಿಸಿಲನಾಡಿನ ಮಲೆನಾಡು ಇದು ಎಂದು. ಹೇಳುವವರ ಅಭಿಮಾನವು ಒಳ್ಳೆಯದೇ ಆದರೂ, ಈ ಹೋಲಿಕೆಯಿಂದ ಕಾಡಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂದು ನನಗೆ ತೋರುತ್ತದೆ. ಏಕೆಂದರೆ ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನು ಇಲ್ಲಿ ನಿತ್ಯಹರಿದ್ವರ್ಣವನ್ನೂ ಮಂಜು ಮುಸುಕಿದ ಶಿಖರಗಳನ್ನೂ ವರ್ಷವಿಡೀ ಧುಮ್ಮಿಕ್ಕುವ ಜಲಪಾತಗಳನ್ನೂ ಹುಡುಕುತ್ತಾನೆ. ಆಗಸ್ಟಿನಿಂದ ಅಕ್ಟೋಬರಿನವರೆಗಿನ ಮೂರು ತಿಂಗಳಲ್ಲಿ ಅದರ ಛಾಯೆಯೊಂದನ್ನು ಕಂಡು ತೃಪ್ತನಾಗುತ್ತಾನೆ. ಉಳಿದ ಒಂಬತ್ತು ತಿಂಗಳು ಇದನ್ನು ಸತ್ತ ಕಾಡೆಂದು ಭಾವಿಸಿ ಬೆನ್ನು ತಿರುಗಿಸುತ್ತಾನೆ. ಚಿಂಚೋಳಿಯ ಕಾಡು ಮಲೆನಾಡಿನ ಬಡ ಸಂಬಂಧಿಯಲ್ಲ. ಇದು ದಖ್ಖನ್ ಪೀಠಭೂಮಿಯ ಒಣ ಎಲೆಯುದುರುವ ಅರಣ್ಯ. ಇದಕ್ಕೆ ತನ್ನದೇ ಆದ ಋತುಕ್ರಮ, ತನ್ನದೇ ಆದ ಪ್ರಾಣಿವರ್ಗ, ತನ್ನದೇ ಆದ ಚೆಲುವು ಉಂಟು. ಇಲ್ಲಿ ವಿಹರಿಸುವ ಬಗೆಯೂ ಅದಕ್ಕೆ ತಕ್ಕಂತೆ ಬೇರೆಯಾಗಬೇಕಾದುದು.

ಎಲೆ ಉದುರಿಸುವುದೆಂದರೆ ಮರವು ಸೋತುಹೋಯಿತೆಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ಅದು ಮರದ ವಿವೇಕ. ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಮರವು ಹಗಲೆಲ್ಲ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಿರುತ್ತದೆ. ಮಳೆಯಿರುವಾಗ ಈ ವ್ಯಯವನ್ನು ಬೇರು ತುಂಬಿಕೊಡುತ್ತದೆ. ಜನವರಿ ಕಳೆದು ನೆಲದ ತೇವ ಆರುತ್ತ ಬಂದಾಗ ಬೇರಿನಿಂದ ಅದು ಸಾಧ್ಯವಾಗದು. ಆಗ ಎಲೆಯ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಕೋಶಪದರವು ರೂಪುಗೊಂಡು ಎಲೆಯನ್ನು ಕೊಂಬೆಯಿಂದ ಬೇರ್ಪಡಿಸುತ್ತದೆ. ಅದಕ್ಕೆ ಮುಂಚೆ ಎಲೆಯಲ್ಲಿದ್ದ ಸತ್ವದ ಬಹುಭಾಗವನ್ನು ಮರವು ಹಿಂದಕ್ಕೆ ಸೆಳೆದುಕೊಂಡಿರುತ್ತದೆ. ಬಿದ್ದ ಎಲೆಯೂ ವ್ಯರ್ಥವಲ್ಲ: ಅದು ನೆಲವನ್ನು ಹೊದ್ದು ಬಿಸಿಲಿನ ಝಳವನ್ನು ತಡೆಯುತ್ತದೆ, ಮೊದಲ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಎಲೆಯಿಲ್ಲದ ಈ ಕಾಲವೇ ಅನೇಕ ಮರಗಳಿಗೆ ಹೂವಿನ ಕಾಲ. ಫೆಬ್ರವರಿ, ಮಾರ್ಚುಗಳಲ್ಲಿ ಮುತ್ತುಗವು ಒಂದು ಎಲೆಯೂ ಇಲ್ಲದ ಕೊಂಬೆಗಳ ತುಂಬ ಕೆಂಗೇಸರಿ ಹೂಗಳನ್ನು ಹೊತ್ತು ನಿಲ್ಲುತ್ತದೆ. ಎಲೆಯ ಮರೆಯಿಲ್ಲದ್ದರಿಂದ ಸೂರಕ್ಕಿಗಳಿಗೂ ಗೊರವಂಕಗಳಿಗೂ ಅವು ದೂರದಿಂದಲೇ ಕಾಣಿಸುತ್ತವೆ. ಮಕರಂದಕ್ಕೆ ಬಂದ ಹಕ್ಕಿಯ ತಲೆಗೆ ಪರಾಗವು ಮೆತ್ತಿಕೊಳ್ಳುತ್ತದೆ. ಬೂರುಗದ ಕಾಯಿ ಒಡೆದು ಅರಳೆಯು ಗಾಳಿಯಲ್ಲಿ ತೇಲಿಹೋಗುವುದೂ ಬೇಸಗೆಯಲ್ಲಿಯೇ. ದಟ್ಟವಾದ ಎಲೆಗಳಿದ್ದರೆ ಅದಕ್ಕೆ ದಾರಿ ಎಲ್ಲಿ? ತೇಗವಾದರೋ ಈ ಕ್ರಮಕ್ಕೆ ವಿರುದ್ಧವಾಗಿ ಮಳೆಗಾಲದಲ್ಲಿ ಬೆಳ್ಳನೆಯ ಹೂಗೊಂಚಲನ್ನು ನೆತ್ತಿಯ ಮೇಲೆ ಬಿಡುತ್ತದೆ. ಅದರ ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂತಹ ಕೆಂಪು ಬಣ್ಣ ಬರುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಬಲ್ಲರು. ಧಾಮದ ಅಂಚಿನಲ್ಲಿ ಇಲಾಖೆಯು ಬೆಳೆಸಿದ ತೇಗದ ಮತ್ತು ಜಾಲಿಯ ನೆಡುತೋಪುಗಳಿವೆ. ಒಳಭಾಗದಲ್ಲಿ ಸಹಜವಾದ ಕಾಡು, ಅದರಲ್ಲಿ ಶ್ರೀಗಂಧವೂ ರಕ್ತಚಂದನವೂ ಉಂಟು. ಸಾಲುಸಾಲಾಗಿ ನೆಟ್ಟ ತೋಪಿಗೂ ತಾನೇ ಬೆಳೆದ ಕಾಡಿಗೂ ಇರುವ ಭೇದವನ್ನು ಗುರುತಿಸಲು ಕಲಿತವನು ಕಾಡನ್ನು ಓದಲು ಅಕ್ಷರಾಭ್ಯಾಸ ಮಾಡಿದಂತೆಯೇ ಸರಿ.

ಪ್ರಾಣಿಗಳ ವಿಷಯದಲ್ಲಿಯೂ ಇಲ್ಲಿಯ ಸಂಪತ್ತು ಒಣನಾಡಿನದೇ. ಆನೆಯ ಹಿಂಡನ್ನೂ ಹುಲಿಯನ್ನೂ ನಿರೀಕ್ಷಿಸಿ ಬರುವವರಿಗೆ ನಿರಾಶೆ ತಪ್ಪದು. ಇಲ್ಲಿ ಇರತಕ್ಕವು ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ. ಈ ಕೊಂಡುಕುರಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಮನ್ನಿಸಬೇಕು. ಪ್ರಪಂಚದ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬುಗಳುಳ್ಳದ್ದು ಇದೊಂದೇ. ಗಂಡಿಗೆ ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಅದಕ್ಕಿಂತ ಕಿರಿದಾದ ಇನ್ನೊಂದು ಜೊತೆ. ಭಾರತ ಮತ್ತು ನೇಪಾಳವನ್ನು ಬಿಟ್ಟು ಇದು ಬೇರೆಲ್ಲಿಯೂ ಇಲ್ಲ. ಗುಂಪು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲು ಪೊದೆಗಳ ಮರೆಯಲ್ಲಿ ಸುಳಿಯುವ ಸ್ವಭಾವದ್ದು. ನೀರಿಲ್ಲದೆ ಬಹುಕಾಲ ಇರಲಾರದಾದ್ದರಿಂದ ಕೆರೆ ಹಳ್ಳಗಳ ಸಮೀಪವನ್ನು ಬಿಡುವುದಿಲ್ಲ. ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಇದಕ್ಕುಂಟು; ಆದ್ದರಿಂದ ಪ್ರಾಣಿಯು ಕಣ್ಣಿಗೆ ಬೀಳದಿದ್ದರೂ ಅನುಭವಿಯಾದ ವನಪಾಲಕನು ಆ ಗುಡ್ಡೆಯನ್ನು ನೋಡಿಯೇ ಅದು ಇಲ್ಲಿದೆಯೆಂದು ಹೇಳಬಲ್ಲನು.

ಕತ್ತೆಕಿರುಬವನ್ನು ಜನರು ಅಸಹ್ಯದಿಂದ ನೋಡುವುದುಂಟು. ರಾತ್ರಿಯಲ್ಲಿ ಸತ್ತ ದನಗಳ ಎಲುಬನ್ನೂ ಬಿಡದೆ ಕಡಿದು ತಿಂದು ಊರಿನ ಸುತ್ತಲ ಬಯಲನ್ನು ಶುಚಿಯಾಗಿಡುವ ಈ ಪ್ರಾಣಿಯು ಹಳ್ಳಿಗಳಿಗೆ ಮಾಡುವ ಸೇವೆಯನ್ನು ಲೆಕ್ಕಹಾಕಿದವರು ಕಡಿಮೆ. ತೋಳದ ಸ್ಥಿತಿಯೂ ಹೀಗೆಯೇ. ಕುರಿಗಾರರ ದ್ವೇಷವೂ, ಬಯಲು ಭೂಮಿಯ ನಾಶವೂ ಸೇರಿ ಅದರ ನೆಲೆಯನ್ನು ಕುಗ್ಗಿಸಿವೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೂ, ದರೋಜಿಯಲ್ಲಿ ಕರಡಿಗೂ ಪ್ರತ್ಯೇಕ ಧಾಮಗಳು ಆದ ಮೇಲೆ ಬಯಲುಸೀಮೆಯ ಪ್ರಾಣಿಗಳ ಮೇಲೂ ನಾಡಿನ ದೃಷ್ಟಿ ಬಿದ್ದಿರುವುದು ಸಮಾಧಾನದ ಸಂಗತಿ. ಚಿಂಚೋಳಿಯನ್ನೂ ಈ ಸಾಲಿನಲ್ಲಿಯೇ ಇಟ್ಟು ನೋಡತಕ್ಕುದು. ಇನ್ನು ಹಕ್ಕಿಗಳ ಮಾತಾದರೆ ಕಾಜಾಣ, ಕೌಜುಗ, ಕೆಂದಲೆಯ ಗಿಳಿ, ಕರಿತಲೆಯ ಹೊನ್ನಕ್ಕಿ, ಕರಿರೆಕ್ಕೆಯ ಗಿಡುಗ ಇವುಗಳನ್ನು ನೋಡಲು ವಿಶೇಷ ಪ್ರಯಾಸ ಬೇಡ. ನವೆಂಬರಿನಿಂದ ಜನವರಿಯವರೆಗಿನ ಮುಂಜಾವುಗಳಲ್ಲಿ ಸದ್ದು ಮಾಡದೆ ನಡೆಯುವವನಿಗೆ ಅವೇ ಎದುರಾಗುತ್ತವೆ.

ಸದ್ದು ಮಾಡದೆ ನಡೆಯುವುದು: ಈ ಕಾಡಿನ ವಿಹಾರದ ತಿರುಳೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ನಾನು ನಂಬಿದ್ದೇನೆ. ಇಲ್ಲಿಯ ಕಾಡುಪ್ರಾಣಿಗಳಲ್ಲಿ ಹೆಚ್ಚಿನವು ನಿಶಾಚರಿಗಳು, ಸಂಕೋಚಶೀಲವಾದವು. ಜೀಪಿನ ಗದ್ದಲಕ್ಕೆ ಅವು ಬಹುದೂರ ಸರಿದುಹೋಗುತ್ತವೆ. ಎಲೆಗಳೆಲ್ಲ ಉದುರಿದ ಕಾಡಿನಲ್ಲಿ ಶಬ್ದಕ್ಕೆ ಅಡ್ಡಿಯೂ ಇಲ್ಲ. ವಾಹನದಲ್ಲಿ ಕುಳಿತು ಒಂದು ಗಂಟೆಯಲ್ಲಿ ಕಾಡನ್ನೆಲ್ಲ ಸುತ್ತಿಬಂದವನು ಧೂಳನ್ನು ಕಂಡಿರುತ್ತಾನೆ. ಅದೇ ಒಂದು ಗಂಟೆಯಲ್ಲಿ ಅರ್ಧ ಮೈಲಿ ನಡೆದವನು ಹಿಕ್ಕೆಯನ್ನೂ ಹೆಜ್ಜೆಯನ್ನೂ ಗೂಡನ್ನೂ ಕಂಡಿರುತ್ತಾನೆ.

ಮನುಷ್ಯರ ವಿನೋದಕ್ಕೂ ಕಾಡಿನ ರಕ್ಷಣೆಗೂ ಇರುವ ಸಂಬಂಧದ ಪ್ರಶ್ನೆ ಹೊಸದಲ್ಲ. ೧೮೭೨ರಲ್ಲಿ ಅಮೆರಿಕದಲ್ಲಿ ಯೆಲ್ಲೋಸ್ಟೋನನ್ನು ಮೊದಲ ರಾಷ್ಟ್ರೀಯ ಉದ್ಯಾನವೆಂದು ಸಾರಿದ ಶಾಸನವು ಆ ಪ್ರದೇಶವನ್ನು ಜನರ ಹಿತಕ್ಕಾಗಿ, ಸಂತೋಷಕ್ಕಾಗಿ ಎತ್ತಿಟ್ಟಿತು. ೧೯೧೬ರ ಇನ್ನೊಂದು ಶಾಸನವು, ಮುಂದಿನ ತಲೆಮಾರುಗಳೂ ಅನುಭವಿಸುವಂತೆ ಉದ್ಯಾನಗಳನ್ನು ಕೆಡದಂತೆ ಉಳಿಸಬೇಕೆಂಬ ಹೊಣೆಯನ್ನೂ ಅದರ ಜೊತೆಗೆ ಹೇರಿತು. ಈ ಎರಡು ಹೊಣೆಗಳ ನಡುವಣ ಎಳೆದಾಟವು ಅಲ್ಲಿ ಇಂದಿಗೂ ನಿಂತಿಲ್ಲ. ಯೆಲ್ಲೋಸ್ಟೋನಿಗೆ ಸರಿಯಾಗಿ ನೂರು ವರ್ಷಗಳಾದ ಮೇಲೆ, ೧೯೭೨ರಲ್ಲಿ, ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಾಗ ಅದು ಈ ಕ್ರಮವನ್ನು ತಿರುವುಹಾಕಿತು. ಅಭಯಾರಣ್ಯದೊಳಕ್ಕೆ ಪ್ರವೇಶವೇ ಇಲ್ಲವೆಂಬುದು ಇದರಲ್ಲಿ ನಿಯಮ, ಅನುಮತಿಯೆಂಬುದು ವಿನಾಯಿತಿ. ಯಾವ ಉದ್ದೇಶಗಳಿಗಾಗಿ ಅನುಮತಿ ಕೊಡಬಹುದೆಂಬುದನ್ನು ಹೇಳುವಾಗ ಕಾಯಿದೆಯು ವನ್ಯಜೀವಿಗಳ ಅಧ್ಯಯನ, ಛಾಯಾಚಿತ್ರಣ, ವೈಜ್ಞಾನಿಕ ಸಂಶೋಧನೆ ಇವುಗಳ ತರುವಾಯವೇ ಪ್ರವಾಸವನ್ನು ಹೆಸರಿಸುತ್ತದೆ. ಪ್ರಾಣಿಗಳನ್ನು ಪೀಡಿಸುವುದೂ ಕಸ ಚೆಲ್ಲುವುದೂ ಅಪಾಯಕರವಾಗಿ ಬೆಂಕಿ ಹಾಕುವುದೂ ಕಾಯಿದೆಯ ಪ್ರಕಾರ ಅಪರಾಧಗಳು. ಪ್ಲಾಸ್ಟಿಕ್ ಚೀಲವನ್ನು ಕಾಡಿನಲ್ಲಿ ಎಸೆಯುವುದು ಅಸಭ್ಯತೆ ಮಾತ್ರವೆಂದು ತಿಳಿದವರು, ಅದು ಕಾನೂನಿನ ಉಲ್ಲಂಘನೆಯೂ ಹೌದೆಂಬುದನ್ನು ಅರಿತಿರುವುದು ಒಳಿತು.

ಹೀಗೆಂದ ಮಾತ್ರಕ್ಕೆ ವಿಹಾರವೆಂಬುದು ಪರದೇಶದಿಂದ ಬಂದ ಶೋಕಿಯೆಂದೂ, ಹೊಲಗೆಲಸದ ನಮ್ಮ ಜನಕ್ಕೆ ಅದರ ಗಂಧವಿಲ್ಲವೆಂದೂ ಯಾರೂ ಭಾವಿಸಬಾರದು. ಕಲಬುರಗಿ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಊರುಗಳೆಲ್ಲ ಬರಿದಾಗುವುದನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಜ್ಜೆಯ ಕಡುಬು, ಜೋಳದ ರೊಟ್ಟಿ, ಹತ್ತಾರು ಬಗೆಯ ಕಾಳು ಸೊಪ್ಪುಗಳು ಕೂಡಿದ ಭಜ್ಜಿ, ಶೇಂಗಾ ಹಿಂಡಿ ಎಲ್ಲವನ್ನೂ ಬುಟ್ಟಿಗಳಲ್ಲಿ ಕಟ್ಟಿಕೊಂಡು, ಹಿಂದೆ ಬಂಡಿಗಳಲ್ಲಿ, ಈಗ ಟ್ರ್ಯಾಕ್ಟರು ಜೀಪುಗಳಲ್ಲಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿನ ನಡುವೆ ಭೂತಾಯಿಗೆ ಚರಗ ಚೆಲ್ಲಿ, ಆಮೇಲೆ ಮರದ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವುಳ್ಳವರು ಕರೆಯುತ್ತಾರೆ. ನಗರದಲ್ಲಿ ನೌಕರಿ ಮಾಡುವವನು ರಜೆ ಹಾಕಿ ಬರುತ್ತಾನೆ. ಇದಕ್ಕಿಂತ ಉತ್ತಮವಾದ ವನಭೋಜನವು ಯಾವ ದೇಶದಲ್ಲಿದೆಯೋ ನಾನರಿಯೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ವಿಹಾರಕ್ಕೆ ಒಂದು ಋತುವಿದೆ, ಒಂದು ವಿಧಿಯಿದೆ, ನೆಲಕ್ಕೆ ಮೊದಲು ಕೊಟ್ಟು ತಾನು ಆಮೇಲೆ ಉಣ್ಣಬೇಕೆಂಬ ಒಂದು ಮರ್ಯಾದೆಯಿದೆ. ಪೈರನ್ನು ತುಳಿಯುವವನನ್ನು ಅಲ್ಲಿ ಯಾರೂ ಸಹಿಸರು. ಬೆಟ್ಟಗಳಿಗೆ ಹೋಗುವ ಪದ್ಧತಿಯೂ ನಮ್ಮಲ್ಲಿ ಹಳೆಯದೇ. ಸೇಡಂ ತಾಲ್ಲೂಕಿನ ಯಾನಾಗುಂದಿಯ ಬೆಟ್ಟವನ್ನೂ, ಚಿಂಚೋಳಿಯ ಕಾಡಿನಂಚಿನ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಾಲಯವನ್ನೂ ಜನರು ಭಕ್ತಿಯಿಂದ ಏರುತ್ತ ಬಂದಿದ್ದಾರೆ. ಹೊಸದಾಗಿ ಬೆಳೆಯಬೇಕಾದ ಅರಣ್ಯವಿಹಾರವು ಹೊರಗಿನ ಮಾದರಿಗಳನ್ನು ಹುಡುಕುವುದಕ್ಕೆ ಮುಂಚೆ ಈ ಚರಗದ ಮರ್ಯಾದೆಯನ್ನು ನೆನೆದರೆ ಸಾಕು.

ಮಾದರಿಗಳು ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನಗಳು ದೂರವಿಲ್ಲ. ಗಡಿಯಾಚೆ ವಿಕಾರಾಬಾದಿನ ಅನಂತಗಿರಿ ಬೆಟ್ಟಗಳು ಹೈದರಾಬಾದಿಗೆ ತೀರ ಸಮೀಪದವಾದ್ದರಿಂದ ವಾರಾಂತ್ಯಗಳಲ್ಲಿ ನಗರವೇ ಅಲ್ಲಿಗೆ ಹೊರಳುತ್ತದೆ. ನಮ್ಮ ರಾಜ್ಯದಲ್ಲಿಯೇ ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರ ನೂಕುನುಗ್ಗಲಾದದ್ದನ್ನು ಕಂಡು ಸರ್ಕಾರವು ಚಾರಣಗಳ ಮೇಲೆ ಕಡಿವಾಣ ಹಾಕಬೇಕಾಯಿತು, ಮುಂಗಡ ನೋಂದಣಿಯ ವ್ಯವಸ್ಥೆಯನ್ನು ಬಿಗಿಗೊಳಿಸಬೇಕಾಯಿತು. ಚಿಂಚೋಳಿಗೆ ಅಂಥ ದಟ್ಟಣೆ ಬಂದಿಲ್ಲ. ಬರುವುದಕ್ಕೆ ಮೊದಲೇ ಕ್ರಮವನ್ನು ಗೊತ್ತುಮಾಡುವ ಅವಕಾಶ ನಮಗಿದೆ. ಕೆಟ್ಟ ಮೇಲೆ ಸರಿಪಡಿಸುವುದು ಒಣಕಾಡಿನಲ್ಲಿ ವಿಶೇಷವಾಗಿ ಕಷ್ಟ. ಹೆಚ್ಚು ಮಳೆಯ ನಾಡಿನಲ್ಲಿ ಎರಡು ವರ್ಷಕ್ಕೆ ಮಾಯುವ ಗಾಯವು ಇಲ್ಲಿ ಬಹುಕಾಲ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಫೆಬ್ರವರಿಯಿಂದ ಮೇ ತಿಂಗಳವರೆಗೆ, ಮೊಣಕಾಲುದ್ದದ ಒಣಹುಲ್ಲೂ ತರಗೆಲೆಯೂ ಬಿಸಿಲಿಗೆ ಕಾದು ಗರಿಗರಿಯಾಗಿರುವಾಗ, ಆರಿಸದೆ ಎಸೆದ ಬೀಡಿಯ ತುಂಡೊಂದು ಅಥವಾ ಅಡುಗೆ ಮಾಡಿ ಬಿಟ್ಟುಹೋದ ಮೂರು ಕಲ್ಲಿನ ಒಲೆಯೊಂದು ಇಡೀ ಬೆಟ್ಟದ ಮಗ್ಗುಲನ್ನು ಸುಡಬಲ್ಲದು. ದೊಡ್ಡ ಮರಗಳು ಬದುಕಿಕೊಳ್ಳಬಹುದು; ಸಸಿಗಳು ಸಾಯುತ್ತವೆ, ನೆಲದ ಮೇಲೆ ಗೂಡು ಕಟ್ಟಿದ ಕೌಜುಗದ ಮೊಟ್ಟೆಗಳು ಬೇಯುತ್ತವೆ, ಮುಂದಿನ ಮಳೆಗೆ ಮಣ್ಣು ಬೆತ್ತಲೆಯಾಗಿ ಹರಿದುಹೋಗಿ ಚಂದ್ರಂಪಳ್ಳಿಯ ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ. ಆದಕಾರಣ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಡಿನ ಒಳದಾರಿಗಳನ್ನು ವಿಹಾರಾರ್ಥಿಗಳಿಗೆ ಪೂರ್ತಿಯಾಗಿ ಮುಚ್ಚುವುದೇ ಉಚಿತವೆಂದು ನನ್ನ ದೃಢವಾದ ಅಭಿಪ್ರಾಯ. ಆ ದಿನಗಳಲ್ಲಿ ಹಳ್ಳಗಳೆಲ್ಲ ಬತ್ತಿ, ಜಲಾಶಯದ ದಂಡೆಯೊಂದೇ ಪ್ರಾಣಿಗಳಿಗೆ ನೀರಿನ ಆಸರೆಯಾಗುತ್ತದೆ. ಸಂಜೆಯಾಗುತ್ತಲೂ ಅವು ಅಲ್ಲಿಗೆ ಇಳಿಯುತ್ತವೆ. ಆ ಹೊತ್ತಿನಲ್ಲಿ ದಂಡೆಯ ಮೇಲೆ ಹಾಡು, ದೀಪ, ಊಟಗಳ ಸಂಭ್ರಮವಿದ್ದರೆ ಕೊಂಡುಕುರಿಯು ಬಾಯಾರಿ ಪೊದೆಯೊಳಗೇ ನಿಲ್ಲಬೇಕಾಗುವುದು. ಬೇಸಗೆಯಲ್ಲಿ ಮಾತ್ರವೇಕೆ, ವರ್ಷದುದ್ದಕ್ಕೂ ಸೂರ್ಯಾಸ್ತದ ಅನಂತರದ ದಂಡೆಯನ್ನು ಪ್ರಾಣಿಗಳಿಗೆ ಬಿಟ್ಟುಕೊಡುವುದು ನ್ಯಾಯ.

ಎತ್ತಿಪೋತ, ಮಾಣಿಕಪುರಗಳ ಜಲಪಾತಗಳಿಗೆ ಮಳೆಗಾಲದಲ್ಲಿ ಜನ ಬಹಳವಾಗಿ ಹೋಗುತ್ತಾರೆ. ಅವು ಮಳೆಯನ್ನೇ ನಂಬಿದ ಜಲಪಾತಗಳು. ಮಳೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವ ಹುಚ್ಚಿನಲ್ಲಿ ಎಳೆಯ ಜೀವಗಳನ್ನು ಅಪಾಯಕ್ಕೊಡ್ಡುವುದು ಬೇಡವೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಈ ಕಾಡಿನಲ್ಲಿ ಮನುಷ್ಯರೂ ಇದ್ದಾರೆ. ಧಾಮದ ಒಳಗೂ ಅಂಚಿನಲ್ಲಿಯೂ ಇರುವ ಲಂಬಾಣಿ ತಾಂಡಾಗಳ ಜನರು, ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೆ ವ್ಯಾಪಾರ ಮಾಡಿದವರ ಸಂತತಿ. ರೈಲು ಬಂದು ಎತ್ತಿನ ಹೇರು ನಿಂತುಹೋದಾಗ ಅವರು ಕಾಡಂಚುಗಳಲ್ಲಿ ನೆಲೆಯೂರಿದರು. ನಾನು ಈ ಬರಹದ ಆರಂಭದಲ್ಲಿ ಹೇಳಿದ ವಾಡಿಯ ಹಳಿಗೂ ಈ ತಾಂಡಾಗಳಿಗೂ ಹೀಗೊಂದು ಹಳೆಯ ನಂಟು ಇದೆ. ಶ್ರಾವಣದಲ್ಲಿ ಬುಟ್ಟಿಗಳಲ್ಲಿ ಗೋಧಿಯ ಸಸಿ ಬೆಳೆಸಿ ಹಾಡುತ್ತ ಕುಣಿಯುತ್ತ ತೀಜ್ ಹಬ್ಬವನ್ನಾಚರಿಸುವ ಈ ಜನರು ಸುಗ್ಗಿ ಮುಗಿದ ಮೇಲೆ ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಅಭಯಾರಣ್ಯವಾದ ಮೇಲೆ ಮೇವು, ಸೌದೆ, ಸಾಗುವಳಿಗಳ ಮೇಲೆ ನಿರ್ಬಂಧಗಳು ಬಂದವು. ತಾಂಡಾಗಳ ಸ್ಥಳಾಂತರದ ಮಾತೂ ಆಗಾಗ ಎದ್ದಿದೆ. ೨೦೦೬ರ ಅರಣ್ಯ ಹಕ್ಕು ಕಾಯಿದೆಯು ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ ೭೫ ವರ್ಷಗಳ ವಾಸವನ್ನು ಸಾಬೀತುಪಡಿಸಬೇಕೆಂದು ವಿಧಿಸುತ್ತದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಗೆ ಸೇರಿದವರಾದುದರಿಂದ ಈ ಷರತ್ತು ಅವರಿಗೂ ಅನ್ವಯಿಸುತ್ತದೆ. ಓದುಬರಹವಿಲ್ಲದ ಅಜ್ಜನೊಬ್ಬನು ಮುಕ್ಕಾಲು ಶತಮಾನದ ಕಾಗದವನ್ನು ಎಲ್ಲಿಂದ ತಂದಾನು?

ಒಂದು ಕಡೆ ನಗರದವರು ಕಾರಿನಲ್ಲಿ ಬಂದು ಸಂತೋಷಪಟ್ಟು ಹೋಗುವುದಕ್ಕೆ ಹಾದಿ ತೆರೆಯುತ್ತ, ಮತ್ತೊಂದು ಕಡೆ ಅಲ್ಲಿಯೇ ಹುಟ್ಟಿ ಬೆಳೆದವರನ್ನು ಕಾಡಿಗೆ ಭಾರವೆಂದು ಕಾಣುವುದು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಅರಣ್ಯವಿಹಾರದಿಂದ ಬರುವ ಆದಾಯದ ಮೊದಲ ಹಕ್ಕು ತಾಂಡಾಗಳದ್ದಾಗಬೇಕು. ನಡೆದಾಡುವವರ ಪ್ರತಿ ಗುಂಪಿನೊಡನೆ ತಾಂಡಾದ ಒಬ್ಬ ತರುಣನೋ ತರುಣಿಯೋ ಮಾರ್ಗದರ್ಶಿಯಾಗಿ ಕಡ್ಡಾಯವಾಗಿ ಹೋಗುವಂತಾದರೆ, ಅವರ ಗುಳೆಯ ದಿನಗಳು ಕೆಲವಾದರೂ ತಪ್ಪುತ್ತವೆ, ಕಾಡಿಗೆ ಅಷ್ಟು ಜೊತೆ ಕಣ್ಣುಗಳು ಹೆಚ್ಚುತ್ತವೆ. ಬೆಂಕಿಯ ಹೊಗೆಯನ್ನೂ ಗಂಧದ ಕಳ್ಳನ ಹೆಜ್ಜೆಯನ್ನೂ ಮೊದಲು ಕಾಣುವ ಕಣ್ಣುಗಳು ಅವರವೇ. ತುಮರಿ ಹಣ್ಣು ಯಾವಾಗ ಮಾಗುತ್ತದೆ, ಕವಳಿ ಹಣ್ಣಿನ ಪೊದೆ ಎಲ್ಲಿದೆ, ಯಾವ ಹಳ್ಳದಲ್ಲಿ ಬೇಸಗೆಯಲ್ಲಿಯೂ ತೇವ ಉಳಿಯುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಏನೇನು ಬೇಕು, ಏನೇನು ಬೇಡ? ಕಾಡಿನೊಳಕ್ಕೆ ಹೊಸ ಡಾಂಬರು ರಸ್ತೆ ಬೇಡ. ರಾತ್ರಿಯ ವಾಹನಸಂಚಾರ ಬೇಡ. ಜಲಾಶಯದಲ್ಲಿ ಯಂತ್ರದ ದೋಣಿ ಬೇಡ. ಧಾಮದ ಗಡಿಯೊಳಗೆ ವಿಲಾಸಿ ವಸತಿಗಳು ಸರ್ವಥಾ ಬೇಡ. ತಂಗುವವರು ಚಿಂಚೋಳಿಯಲ್ಲಿ ತಂಗಲಿ. ವೀರೇಂದ್ರ ಪಾಟೀಲರಂಥ ಮುಖ್ಯಮಂತ್ರಿಯನ್ನು ನಾಡಿಗೆ ಕೊಟ್ಟ ಆ ಪಟ್ಟಣದ ಅಂಗಡಿ ಖಾನಾವಳಿಗಳಿಗೂ ಅದರಿಂದ ನಾಲ್ಕು ಕಾಸು ಬರಲಿ. ಕಾಡಿನಲ್ಲಿ ಎರಡೋ ಮೂರೋ ಕಾಲುದಾರಿಗಳನ್ನು ಗೊತ್ತುಮಾಡಿ, ದಿನಕ್ಕೆ ಇಷ್ಟೇ ಜನವೆಂದು ಮಿತಿಯನ್ನಿಟ್ಟು, ದಾರಿಯುದ್ದಕ್ಕೆ ಮರಗಳ ಹೆಸರನ್ನೂ ಶಿಲೆಗಳ ಕಥೆಯನ್ನೂ ಕನ್ನಡದಲ್ಲಿ ಕೆತ್ತಿದ ಫಲಕಗಳನ್ನು ನಿಲ್ಲಿಸಬೇಕು. ಫಲಕಗಳಿಗೆ ತಗಡಾಗಲಿ ಸಿಮೆಂಟಾಗಲಿ ಏಕೆ? ಶಹಾಬಾದಿನ ಫರಸಿಯ ಮೇಲೆ ಅಕ್ಷರ ಕೊರೆಯಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಇವೆಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು, ಈ ವಿಹಾರ ಯಾರಿಗಾಗಿ ಎಂಬುದನ್ನು. ಹೈದರಾಬಾದಿನಿಂದ ಕಾರಿನಲ್ಲಿ ಬರಬಲ್ಲವರಿಗೆ ಚಿಂಚೋಳಿಯಲ್ಲದಿದ್ದರೆ ಇನ್ನೊಂದು ಬೆಟ್ಟವಿದೆ. ವಾಡಿಯ ಕಾರ್ಖಾನೆಯಲ್ಲಿ ಮೂರು ಪಾಳಿಗಳಲ್ಲಿ ದುಡಿಯುವ ಕಾರ್ಮಿಕನಿಗೆ, ಶಹಾಬಾದಿನ ಗಣಿಯಲ್ಲಿ ಬಿಸಿಲಿಗೆ ಕಾದ ಫರಸಿಯ ಮೇಲೆ ಕುಳಿತು ಉಳಿಯಿಂದ ಅಂಚು ಹೊಡೆಯುವವನಿಗೆ, ಆ ಧೂಳಿನಲ್ಲಿಯೇ ಬೆಳೆಯುವ ಅವರ ಮಕ್ಕಳಿಗೆ ಬೇರೆ ಬೆಟ್ಟವಿಲ್ಲ. ಅವರು ತಮ್ಮ ಜಿಲ್ಲೆಯ ಕಾಡನ್ನು ಕಾಣದೆಯೇ ಆಯುಷ್ಯ ಕಳೆಯುತ್ತಿರುವುದಕ್ಕೆ ಕಾರಣ ಅರಸಿಕತೆಯಲ್ಲ, ದಾರಿಯ ತೊಡಕು. ಚಿಂಚೋಳಿಗೆ ರೈಲಿಲ್ಲ, ವಾಡಿ, ಶಹಾಬಾದುಗಳಿಂದ ಹೊರಟವನು ಬಸ್ಸು ಬದಲಿಸುತ್ತ ಕಾಡಿನಂಚನ್ನು ಮುಟ್ಟುವ ಹೊತ್ತಿಗೆ ಹಕ್ಕಿಗಳ ವೇಳೆ ಮೀರಿ ಬಿಸಿಲೇರಿರುತ್ತದೆ. ಆಗಸ್ಟಿನಿಂದ ಮಾರ್ಚಿನವರೆಗೆ ಪ್ರತಿ ಭಾನುವಾರ ನಸುಕಿನಲ್ಲಿ ಶಹಾಬಾದಿನಿಂದ ಹೊರಟು, ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ಜನರನ್ನು ಹತ್ತಿಸಿಕೊಂಡು, ಕುಂಚಾವರಂ ಮುಟ್ಟಿ, ಸಂಜೆಗೆ ಹಿಂತಿರುಗುವ ಸಾರಿಗೆ ಸಂಸ್ಥೆಯ ಬಸ್ಸು ಒಂದೇ ಒಂದು ಇದ್ದರೆ ಸಾಕು. ಹತ್ತುವವರು ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರಲಿ. ಪ್ಲಾಸ್ಟಿಕ್ಕನ್ನು ಹತ್ತುವಲ್ಲಿಯೇ ಇಳಿಸಲಿ. ಕಾಡಿನ ಬಾಗಿಲಲ್ಲಿ ವನಪಾಲಕರಿಂದ ಅನುಮತಿ ಪಡೆದು, ತಾಂಡಾದ ಮಾರ್ಗದರ್ಶಿಯ ಹಿಂದೆ ಹದಿನೈದಿಪ್ಪತ್ತು ಜನರ ಗುಂಪುಗಳಾಗಿ ನಡೆಯಲಿ. ಈ ಬಸ್ಸಿನ ಬೇಡಿಕೆಯನ್ನು ನಾಲ್ಕು ಊರುಗಳ ಪುರಸಭೆಗಳೂ ಕಾರ್ಮಿಕ ಸಂಘಗಳೂ ಶಾಲೆಗಳೂ ಒಟ್ಟಾಗಿ ಮುಂದಿಟ್ಟರೆ, ಬರುವ ಮಳೆಗಾಲ ಮುಗಿಯುವುದರೊಳಗೆ ಅದು ಕೈಗೂಡದಿರುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.